ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದರೆ ಎಷ್ಟು ಹೊತ್ತು?

ಮುಂದಿನ ಸಾಲಿನಲ್ಲಿ ಕೂತವರಲ್ಲಿ ಇಬ್ಬರು ಮೇಲೆ ಬನ್ನಿ. ಒಬ್ಬರು ಈ ಗೋಳ ಹಿಡಿದುಕೊಳ್ಳಿ, ಇನ್ನೊಬ್ಬರು ಈ ದಾರ. ಹೂ ಕಟ್ಟುವ ದಾರ ಇದು, ಬರುವಾಗ ಮನೆಯಿಂದ ಎತ್ತಿಕೊಂಡು ಬಂದೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ಈಗ ಎಳೆಯಿರಿ, ಬಿಗಿಯಾಗಿ. ದಾರ ತಾನಾಗಿಯೇ ಜಾರುತ್ತದೆ, ಜಾರಲಿ. ನೀವು ಅದನ್ನು ಸರಿಪಡಿಸೋಕೆ ಹೋಗಬೇಡಿ.

ಎಲ್ಲಿ ನಿಂತಿತು? ಓದಿ ಹೇಳಿ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ. ಆಮೇಲೆ ಆರ್ಕ್ಟಿಕ್ ಸಮುದ್ರದ ಅಂಚು. ಅಲ್ಲಿಂದ ಅಲಾಸ್ಕಾ. ಅಲ್ಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ.

ವಿಚಿತ್ರ ಅಲ್ವಾ? ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ 37ರ ಮೇಲೆ ಸ್ವಲ್ಪ. ಎರಡರ ನಡುವಿನ ಅತಿ ಹತ್ತಿರದ ದಾರಿ ಮಾತ್ರ 71 ಡಿಗ್ರಿವರೆಗೆ ಮೇಲೆ ಹೋಗಿ ಬರುತ್ತದೆ. ಇಲ್ಲಿಂದ ಹೊರಟಾಗ ಮುಖ ಇರಬೇಕಾದದ್ದು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ಹೆಚ್ಚುಕಡಿಮೆ ಉತ್ತರಕ್ಕೆ.

ಈಗ ಗೋಡೆಯ ಮೇಲಿನ ನಕ್ಷೆ ನೋಡಿ. ಶಾಲೆಯಲ್ಲಿ ನಾವೆಲ್ಲ ನೋಡಿ ಬೆಳೆದ ನಕ್ಷೆ ಇದು. ಇಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅಮೆರಿಕ ಸಿಗುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಎಷ್ಟಾಗುತ್ತದೆ ಅಂತ ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಸುಮಾರು 20,000 ಕಿ.ಮೀ. ಆ ಕಡೆ ಬೇಡ ಅಂತ ನಕ್ಷೆಯ ಬಲ ಅಂಚು ದಾಟಿ ಪೆಸಿಫಿಕ್ ಕಡೆಯಿಂದ ನೇರ ಗೆರೆ ಎಳೆದರೂ 16,000 ದಾಟುತ್ತದೆ. ನಮ್ಮ ದಾರ ಎಷ್ಟು ಹೇಳುತ್ತದೆ ನೋಡೋಣ. ಗೋಳದ ಅಡ್ಡಳತೆ 30 ಸೆಂ.ಮೀ. ಸುತ್ತಳತೆ 94. ಭೂಮಿಯ ಸುತ್ತಳತೆ 40,000 ಕಿ.ಮೀ ಅಂತ ಹಿಡಿದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ದಾರ ಅಳೆಯಿರಿ. 33 ಸೆಂಟಿಮೀಟರಾ? ಗುಣಿಸಿ. 14,000. ವಿಮಾನ ಹೊರಟ ಊರು, ಸೇರುವ ಊರು ಕೊಟ್ಟರೆ ಕಂಪ್ಯೂಟರ್ ಹೇಳುವ ಸಂಖ್ಯೆ 13,990ರ ಆಸುಪಾಸು. ಹೂವಿನ ದಾರಕ್ಕೆ ಇಷ್ಟು ನಿಖರತೆ ಸಾಕು.

ಥ್ಯಾಂಕ್ಸ್, ನೀವಿಬ್ಬರೂ ಕೂತುಕೊಳ್ಳಿ. ದಾರ ಅಲ್ಲೇ ಇರಲಿ, ಮತ್ತೆ ಬೇಕಾಗುತ್ತದೆ.

ನನ್ನ ಅಜ್ಜನಿಗೆ ಈ ಲೆಕ್ಕ ಹೇಳಿದ್ದರೆ ಅವರು ಕೇಳುತ್ತಿದ್ದದ್ದು ಒಂದೇ: "ಅದಿರಲಿ, ಎಷ್ಟು ಹೊತ್ತಿನ ದಾರಿ?" ಅವರ ಕಾಲದಲ್ಲಿ ಹರದಾರಿ ಅನ್ನುವ ಅಳತೆ ಇತ್ತು, ಸುಮಾರು ಮೂರು ಮೈಲಿ. ಆದರೆ ಹರದಾರಿಯ ಮಾತು ಬರುತ್ತಿದ್ದದ್ದು ಅಪರೂಪ. ಜಾಸ್ತಿ ಹೇಳುತ್ತಿದ್ದದ್ದು "ಒಂದು ಎಲೆಅಡಿಕೆ ಹಾಕಿಕೊಂಡು ಮುಗಿಸೋ ಅಷ್ಟು ದೂರ", "ಊಟ ಮಾಡಿ ಹೊರಟರೆ ದೀಪ ಹಚ್ಚೋ ಹೊತ್ತಿಗೆ ಸೇರ್ತೀರಿ" ಅಂತ. ಮಳೆಗಾಲದಲ್ಲಿ ಹಳ್ಳ ಬಂದರೆ ಅದೇ ಊರು ಇನ್ನೂ ದೂರ ಆಗುತ್ತಿತ್ತು. ನನಗೆ ಆಗ ನಗು ಬರುತ್ತಿತ್ತು. ಊರು ಎಲ್ಲಾದರೂ ಜರುಗುತ್ತದಾ? ಈಗ ಅನ್ನಿಸುತ್ತದೆ, ವಿಮಾನ ಕಂಪನಿಯವರು ಕೂಡ ದೂರವನ್ನು ಅಜ್ಜನ ಹಾಗೆಯೇ ಲೆಕ್ಕ ಹಾಕುತ್ತಾರೆ. ಇವತ್ತು ಹಳ್ಳ ಬಂದಿದೆಯಾ, ಗಾಳಿ ಯಾವ ಕಡೆ, ಯಾರ ಹೊಲದ ಬದು ದಾಟಬಾರದು. ನನ್ನ ಇವತ್ತಿನ ಮಾತು ಇಷ್ಟೇ.

ಒಂದು ನಿಜವಾದ ಹಾರಾಟ ತೆಗೆದುಕೊಳ್ಳೋಣ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ಸಲ ನೇರ ವಿಮಾನ ಹಾರಿಸಿತು. ಬೋಯಿಂಗ್ 777-200ಎಲ್‌ಆರ್. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಪೇಪರುಗಳಲ್ಲಿ ದೊಡ್ಡ ಸುದ್ದಿ ಆಯಿತು, ನಿಮಗೆ ನೆನಪಿರಬಹುದು. ಆ ಸುದ್ದಿಗಳಲ್ಲೇ ಎರಡು ಸಂಖ್ಯೆ ಇದ್ದವು. ಎರಡು ಊರುಗಳ ನೇರ ದೂರ 13,993 ಕಿ.ಮೀ. ಆದರೆ ವಿಮಾನ ಉತ್ತರ ಧ್ರುವದ ಕಡೆ ಏರಿ, ಅಟ್ಲಾಂಟಿಕ್ ಕಡೆಯಿಂದ ಇಳಿದು ಬಂದ ದಾರಿ ಸುಮಾರು 16,000 ಕಿ.ಮೀ. ಹಾರಿದ್ದು 17 ಗಂಟೆಗೂ ಜಾಸ್ತಿ. ಎರಡು ಸಾವಿರ ಕಿಲೋಮೀಟರ್ ಹೆಚ್ಚಿಗೆ ಯಾಕೆ ಹಾರಬೇಕು? ಬೆಂಗಳೂರಿಂದ ದಿಲ್ಲಿಗೆ ಹೋದಂತಾಯಿತು, ಸುಮ್ನೆ ಯಾರೂ ಅಷ್ಟು ಸುತ್ತುವುದಿಲ್ಲ.

ದಾರ ಮತ್ತೆ ನೋಡಿ. ಮೊದಲ ತೊಡಕು ಟಿಬೆಟ್. ವಿಮಾನ ಹೊರಡುವ ಮುಂಚೆ ಗಗನಸಖಿ ಹಳದಿ ಮಾಸ್ಕ್ ಎಳೆದು ತೋರಿಸುತ್ತಾರಲ್ಲ, ನಾವು ಫೋನ್ ನೋಡುತ್ತಾ ಕೂತಿರುತ್ತೇವಲ್ಲ, ಆ ಮಾಸ್ಕ್‌ಗೂ ಈ ದಾರಿಗೂ ಸಂಬಂಧ ಇದೆ. ವಿಮಾನದ ಒಳಗಿನ ಒತ್ತಡ ಏನಾದರೂ ಕೆಟ್ಟು ಇಳಿದರೆ ಮೇಲಿನಿಂದ ಮಾಸ್ಕ್ ಬೀಳುತ್ತದೆ. ಪ್ರಯಾಣಿಕರಿಗೆ ಅದರಲ್ಲಿ ಸಿಗುವ ಆಮ್ಲಜನಕ ಕಾಲು ಗಂಟೆಯ ಆಸುಪಾಸು ಅಷ್ಟೇ. ಅಷ್ಟರೊಳಗೆ ಪೈಲಟ್ 10,000 ಅಡಿಗೆ ಇಳಿದುಬಿಡಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಬೇರೆ ಕಡೆ ಇದು ಸರಿ. ಟಿಬೆಟ್‌ನಲ್ಲಿ? ಅಲ್ಲಿ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 15,000 ಅಡಿ. ಇಳಿಯಲು ಜಾಗವೇ ಇಲ್ಲ. ಹಾಗಾಗಿ ಬಹುತೇಕ ವಿಮಾನಗಳು ಆ ಪ್ರಸ್ಥಭೂಮಿಯ ಮೇಲೆ ಹಾರದೆ ಸುತ್ತಿಕೊಂಡು ಹೋಗುತ್ತವೆ. ದಾರಕ್ಕೆ ಉಸಿರು ಬೇಡ, ನಮಗೆ ಬೇಕು.

ಎರಡನೆಯದು ಗಡಿ. ಆಕಾಶಕ್ಕೂ ಬೇಲಿ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಯುರೋಪು, ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ಫಿನ್‌ಲ್ಯಾಂಡಿನ ಫಿನ್‌ಏರ್‌ಗೆ ಬಿದ್ದ ಹೊಡೆತ ಕೇಳಿ. ಹೆಲ್ಸಿಂಕಿಯಿಂದ ಟೋಕಿಯೊಗೆ ರಷ್ಯಾದ ಮೇಲಿಂದ ಸುಮಾರು ಒಂಬತ್ತು ಗಂಟೆಯ ದಾರಿ. ಅದೇ ಅವರ ವ್ಯಾಪಾರದ ಬಂಡವಾಳ ಆಗಿತ್ತು, "ಏಷ್ಯಾಕ್ಕೆ ನಾವೇ ಹತ್ತಿರ" ಅಂತ. ಆಕಾಶ ಮುಚ್ಚಿದ ಮೇಲೆ ಉತ್ತರ ಧ್ರುವ ಸುತ್ತಿಕೊಂಡು ಹೋಗಬೇಕಾಯಿತು. 13 ಗಂಟೆ. ಪ್ರಯಾಣಿಕರಿಗೆ ಧ್ರುವ ದಾಟಿದ್ದಕ್ಕೆ ಒಂದು ಪ್ರಮಾಣಪತ್ರ ಕೊಡಲು ಶುರು ಮಾಡಿದರು! ನಾಲ್ಕು ಗಂಟೆ ಜಾಸ್ತಿ ಕೂರಿಸಿದ್ದಕ್ಕೆ ಒಂದು ಕಾಗದ. ಹೆಲ್ಸಿಂಕಿಯಾಗಲಿ ಟೋಕಿಯೊ ಆಗಲಿ ಒಂದಿಂಚೂ ಜರುಗಿರಲಿಲ್ಲ. ಅಜ್ಜನ ಹಳ್ಳ ಬಂದಿತ್ತು, ಅಷ್ಟೇ.

ನಮ್ಮ ಊರಿಗೂ ಇದರ ಬಿಸಿ ತಟ್ಟಿದೆ. ಯುನೈಟೆಡ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಘೋಷಿಸಿದ್ದವು. ಕೋವಿಡ್‌ನಿಂದ ಮುಂದೂಡಿದರು. ಆಮೇಲೆ ರಷ್ಯಾದ ಆಕಾಶವೂ ಮುಚ್ಚಿತು. ಎರಡೂ ಶುರುವಾಗಲೇ ಇಲ್ಲ.

ಮೂರನೆಯದು ಇಳಿಯುವ ಜಾಗ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರ ಮೇಲೆ ನಿಗದಿತ ಹೊತ್ತಿನೊಳಗೆ ಯಾವುದಾದರೂ ವಿಮಾನ ನಿಲ್ದಾಣ ಸೇರುವಂತಿರಬೇಕು, ಅದು ನಿಯಮ. ಆದ್ದರಿಂದ ದಾರಿಯುದ್ದಕ್ಕೂ ಮಾಮೂಲಿಯಾಗಿ ಇಳಿಯದ ಊರುಗಳನ್ನೂ ಲೆಕ್ಕದಲ್ಲಿ ಇಟ್ಟುಕೊಂಡೇ ಹಾರುತ್ತಾರೆ. 2023ರ ಜೂನ್‌ನಲ್ಲಿ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನಕ್ಕೆ ಹೋಟೆಲ್ ಕೋಣೆ ಸಿಗಲಿಲ್ಲ. ಶಾಲೆಯ ಕೋಣೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗಿಸಿದರು. ಮುಂಬೈಯಿಂದ ಬೇರೆ ವಿಮಾನ ಬಂದು ಕರೆದುಕೊಂಡು ಹೋಯಿತು. ಆ ದಿನದವರೆಗೆ ಮಗದಾನ್ ಅನ್ನುವ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು? ಪೈಲಟ್‌ಗಳ ಹಾಳೆಯಲ್ಲಿ ಮಾತ್ರ ಅಂಥ ಊರುಗಳು ಯಾವತ್ತೂ ಇರುತ್ತವೆ.

ಸರಿ, ಈಗ ಗಾಳಿ. ನನಗೆ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಾನು ಹೈಸ್ಕೂಲಿಗೆ ಹೋದದ್ದು ಗದಗದ ಕಡೆಯ ಹಳ್ಳಿಯಿಂದ, ಸೈಕಲ್ ಮೇಲೆ. ಶಾಲೆ ಇದ್ದದ್ದು ಪಶ್ಚಿಮಕ್ಕೆ. ಆಷಾಢ ಬಂತೆಂದರೆ ಬೆಳಿಗ್ಗೆ ಎದುರುಗಾಳಿ. ಪೆಡಲ್ ಮೇಲೆ ನಿಂತು ತುಳಿದರೂ ಸೈಕಲ್ ಮುಂದೆ ಹೋಗಲೊಲ್ಲದು. ಸಂಜೆ ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ. ಕಾಲು ಎತ್ತಿ ಹ್ಯಾಂಡಲ್ ಮೇಲಿಟ್ಟು ಬರುತ್ತಿದ್ದೆವು. ಬೆಳಿಗ್ಗೆ ಕಳೆದುಕೊಂಡದ್ದು ಸಂಜೆ ಬಂತು, ಲೆಕ್ಕ ಚುಕ್ತಾ ಅಂತ ನಮ್ಮ ನಂಬಿಕೆ. ಅದು ತಪ್ಪು. ಯಾಕೆ ತಪ್ಪು ಅಂತ ಗಣಿತದ ಮೇಷ್ಟ್ರಾದ ಮೇಲೇ ನನಗೆ ಹೊಳೆದದ್ದು.

14,000 ಕಿ.ಮೀ ದೂರ ಇರಲಿ. ವಿಮಾನ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ ಹೋಗುತ್ತದೆ. ಗಾಳಿಯೇ ಇಲ್ಲ ಅಂದರೆ ಹದಿನೈದೂವರೆ ಗಂಟೆ. ಬೆನ್ನಿಗೆ 100 ಕಿ.ಮೀ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ 1,000. 14 ಗಂಟೆ. ಅದೇ ಗಾಳಿ ಎದುರಿಗೆ ಬಂದರೆ ವೇಗ 800. ಹದಿನೇಳೂವರೆ ಗಂಟೆ. ಹೋಗಿ ಬರುವುದು ಸೇರಿ ಮೂವತ್ತೊಂದೂವರೆ. ಗಾಳಿ ಇಲ್ಲದಿದ್ದರೆ 31 ಚಿಲ್ಲರೆ. ಸುಮಾರು 23 ನಿಮಿಷ ಎಲ್ಲೋ ಹೋಯಿತು. ಯಾಕೆ ಗೊತ್ತಾ? ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ. ಬೆನ್ನಗಾಳಿ ಸಹಾಯ ಮಾಡುವುದರೊಳಗೆ ದಾರಿಯೇ ಮುಗಿದಿರುತ್ತದೆ.

ಮೇಲೆ 10, 11 ಕಿ.ಮೀ ಎತ್ತರದಲ್ಲಿ 100 ಕಿ.ಮೀ ಗಾಳಿ ಅಂದರೆ ತಂಗಾಳಿ ಇದ್ದ ಹಾಗೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಜಪಾನಿನ ಮೇಲೆ ಚಳಿಗಾಲದಲ್ಲಿ ಅದು ಗಂಟೆಗೆ 300 ಕಿ.ಮೀ ದಾಟುವುದುಂಟು. ಅದನ್ನು ಮೊದಲು ಅಳೆದವರಲ್ಲಿ ಒಬ್ಬರು ವಾಸಾಬುರೊ ಓಯಿಷಿ ಎಂಬ ಜಪಾನಿ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ಬಲೂನ್ ಬಿಟ್ಟು, ದೂರದರ್ಶಕದಲ್ಲಿ ಹಿಂಬಾಲಿಸಿ ಅಳೆದರು. ಜಗತ್ತಿಗೆಲ್ಲ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲರೂ ಕಲಿಯುತ್ತಾರೆ ಅಂತ ಆ ಭಾಷೆ ಹುಟ್ಟಿಸಿದ್ದು, ಕಲಿತವರು ಕಡಿಮೆ. ವರದಿ ಮೂಲೆಗೆ ಬಿತ್ತು. 1944ರಲ್ಲಿ ಜಪಾನಿನ ಮೇಲೆ ಬಾಂಬ್ ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳಿಗೆ ಈ ಗಾಳಿ ಬಡಿದಾಗಲೇ ಹೊರಗಿನವರಿಗೆ ಇದರ ಅಬ್ಬರ ಅನುಭವಕ್ಕೆ ಬಂದದ್ದು. ಕನ್ನಡದಲ್ಲಿ ವಿಜ್ಞಾನ ಬರೆಯುವ ನಮ್ಮಂಥವರಿಗೆ ಓಯಿಷಿ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ಪೂರ್ವಕ್ಕೆ ಹೋಗೋದು ಬೇಗ ಆಗೋದು ಭೂಮಿ ತಿರುಗೋದರಿಂದ ಅಲ್ವಾ ಸಾರ್?" ಒಳ್ಳೇ ಪ್ರಶ್ನೆ, ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಹಾಗೆ ನೋಡಿದರೆ ಭೂಮಿ ತಿರುಗುವುದು ಪೂರ್ವಕ್ಕೇ, ಅಮೆರಿಕ ನಮ್ಮಿಂದ ಓಡಿಹೋಗಬೇಕಿತ್ತು. ಕೆಂಪು ಬಸ್ಸಿನಲ್ಲಿ ಕೂತು ಕಡಲೆಕಾಯಿ ಮೇಲಕ್ಕೆ ಎಸೆಯಿರಿ. ಬಸ್ಸು ಎಷ್ಟೇ ವೇಗವಾಗಿ ಹೋಗುತ್ತಿರಲಿ, ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ. ಭೂಮಿಯ ಜೊತೆ ಗಾಳಿಯೂ, ವಿಮಾನವೂ ಸೇರಿಯೇ ತಿರುಗುತ್ತವೆ. ಆದರೆ ಪ್ರಶ್ನೆ ಕೇಳಿದವರು ಪೂರ್ತಿ ತಪ್ಪೂ ಅಲ್ಲ. ಬಿಸಿ ಪ್ರದೇಶದಿಂದ ಧ್ರುವದ ಕಡೆ ಹೊರಟ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ಸುತ್ತಾಟವೇ. ಭೂಮಿ ತಿರುಗದಿದ್ದರೆ ಆ ಗಾಳಿಹೊಳೆ ಇರುತ್ತಿರಲಿಲ್ಲ.

ಈಗ ಒಂದು ಚಂದದ ಉದಾಹರಣೆ. ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ಮೊದಲು ಹೋಗುತ್ತಿದ್ದದ್ದು ಅಟ್ಲಾಂಟಿಕ್ ಕಡೆಯಿಂದ. ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆ ತಿರುಗಿಸಿದರು. ಆ ಕಡೆ ಸುಮಾರು 15,300 ಕಿ.ಮೀ. 1,400 ಕಿ.ಮೀ ಜಾಸ್ತಿ. ಸೇರಿದ್ದು ಮಾತ್ರ ಬೇಗ! ಹದಿನಾಲ್ಕೂವರೆ ಗಂಟೆಯಲ್ಲಿ. ಬೆನ್ನಗಾಳಿಯ ಮಹಿಮೆ. ನಕ್ಷೆಯಲ್ಲಿ ದೂರವಾದ ದಾರಿ ಗಡಿಯಾರದಲ್ಲಿ ಹತ್ತಿರ ಆಯಿತು. ಟಿಕೆಟ್ ಮೇಲೆ ಇದು ಯಾವುದೂ ಬರೆದಿರುವುದಿಲ್ಲ.

ಇಂಧನದ ವಿಷಯ ಬೇಗ ಮುಗಿಸುತ್ತೇನೆ. ಧರ್ಮಸ್ಥಳಕ್ಕೆ ನಡೆದು ಹೋಗುವವರು ಬುತ್ತಿ ಕಟ್ಟಿಕೊಳ್ಳುತ್ತಾರಲ್ಲ. ಎರಡು ದಿನದ ಬುತ್ತಿಯಾದರೆ ಸರಿ. ಹದಿನೈದು ದಿನದ್ದನ್ನು ಹೊತ್ತರೆ ಆ ಬುತ್ತಿ ಹೊರುವುದಕ್ಕೇ ಹಸಿವು ಜಾಸ್ತಿ, ಅದಕ್ಕೆ ಇನ್ನಷ್ಟು ಬುತ್ತಿ. ವಿಮಾನದ ಕಥೆಯೂ ಇದೇ. ಈ 777-200ಎಲ್‌ಆರ್ ಟ್ಯಾಂಕು ತುಂಬಿದರೆ 1,81,000 ಲೀಟರ್ ಹಿಡಿಯುತ್ತದೆ. ನೆಲ ಬಿಡುವಾಗಿನ ಗರಿಷ್ಠ ತೂಕ ಸುಮಾರು 347 ಟನ್, ಅದರಲ್ಲಿ ಹತ್ತಿರ ಹತ್ತಿರ 145 ಟನ್ ಬರೀ ಇಂಧನ. ಅದಕ್ಕೆ ನಮ್ಮ ದೇವನಹಳ್ಳಿಯ ಕಾಟ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ರನ್‌ವೇ ಕೊಲ್ಲಿಯ ನೀರಿನ ಮಟ್ಟದಲ್ಲೇ ಇದೆ. ನಮ್ಮದು ಸಮುದ್ರಮಟ್ಟದಿಂದ 915 ಮೀಟರ್ ಮೇಲೆ. ಬೆಂಗಳೂರಿನ ತಂಪು ಹವೆಗೆ ಕಾರಣವಾದ ಈ ಎತ್ತರವೇ ವಿಮಾನಕ್ಕೆ ಕಷ್ಟ. ಗಾಳಿ ತೆಳು, ರೆಕ್ಕೆಗೆ ಆಸರೆ ಕಮ್ಮಿ, ಎಂಜಿನ್‌ಗೂ ಕಸುವು ಕಮ್ಮಿ. ರನ್‌ವೇ 4,000 ಮೀಟರ್ ಉದ್ದ ಇದೆ, ಆದರೂ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿದ ಬುತ್ತಿ ಹೊತ್ತು ಏಳುವುದು ಸಲೀಸಲ್ಲ.

ಇನ್ನು ಹೊತ್ತು. ಇಲ್ಲಿಯವರೆಗೆ ಹೇಳಿದ್ದು ಹಾರುವ ಹೊತ್ತು ಮಾತ್ರ. ಟಿಕೆಟ್‌ನಲ್ಲಿ ಇರುವುದು ಬೇರೆ. ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟ್ ಸೇರುವವರೆಗಿನದು, ಅದರಲ್ಲಿ ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು ಎಲ್ಲ ಸೇರಿರುತ್ತದೆ. ನಮ್ಮ ಹೊತ್ತು ಇನ್ನೂ ಬೇರೆ. ಬನಶಂಕರಿಯ ಮನೆ ಬಾಗಿಲಿಗೆ ಬೀಗ ಹಾಕಿದಾಗಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲಿ ಮಗಳು ಬಾಗಿಲು ತೆಗೆಯುವವರೆಗೆ ನನ್ನ ಲೆಕ್ಕ 24 ಗಂಟೆ. ಅದರಲ್ಲಿ ಎರಡು ಗಂಟೆ ಬನಶಂಕರಿಯಿಂದ ದೇವನಹಳ್ಳಿಗೆ! ಹೆಬ್ಬಾಳದಲ್ಲಿ ಟ್ಯಾಕ್ಸಿ ನಿಂತಾಗ ನನ್ನ ಹೆಂಡತಿ ಹೇಳಿದಳು, "ನಿಮ್ಮ ಜೆಟ್ ಸ್ಟ್ರೀಮ್ ಇಲ್ಲಿಗೂ ಒಂಚೂರು ತರಿಸ್ರೀ."

ಗಡಿಯಾರ ಇನ್ನೂ ಒಂದು ಆಟ ಆಡುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದರೆ ಇಳಿಯುವುದು ಅದೇ ದಿನ ಸಂಜೆ ಐದಕ್ಕೆ. ಕಾಗದದ ಮೇಲೆ ಎರಡೂವರೆ ಗಂಟೆ, ಮೈಸೂರಿಗೆ ಹೋದಷ್ಟು. ವಾಪಸು ಬರುವಾಗ ಬಡ್ಡಿ ಸಮೇತ ವಸೂಲಿ. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು ಜನವರಿ 9ರ ರಾತ್ರಿ, ಬೆಂಗಳೂರು ಮುಟ್ಟಿದ್ದು 11ರ ಬೆಳಗಿನ ಜಾವ. ಅದರಲ್ಲಿದ್ದವರಿಗೆ ಜನವರಿ 10 ನೆಲದ ಮೇಲೆ ಸಿಗಲೇ ಇಲ್ಲ.

ನಮಗೂ ಹೀಗೇ ಒಂದು ದಿನ ಕಾಣೆಯಾಯಿತು. ಡಿಸೆಂಬರ್ ತಿಂಗಳು. ಹೊರಟದ್ದು ಅಲ್ಲಿನ ಭಾನುವಾರ ರಾತ್ರಿ, ಇಳಿಯಬೇಕಾದದ್ದು ಇಲ್ಲಿನ ಮಂಗಳವಾರ ಬೆಳಗಿನ ಜಾವ. ನಡುವಿನ ಸೋಮವಾರ ಸಂಕಷ್ಟಿ. ನನ್ನ ಹೆಂಡತಿ ಮೂವತ್ತು ವರ್ಷದಿಂದ ಸಂಕಷ್ಟಿ ಬಿಟ್ಟವಳಲ್ಲ. ಚಂದ್ರನನ್ನು ನೋಡಿಯೇ ಊಟ. ಊಟದ ಟ್ರೇ ಬಂದಾಗ ಬೇಡ ಅಂದಳು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. "ಅಗೋ ಚಂದ್ರ, ತಿನ್ನು." ಅವಳು ಒಂದು ಸಲ ನೋಡಿ, "ಇದು ಭಾನುವಾರದ್ದು" ಅಂದಳು.

ನಾಲ್ಕು ತಾಸು ಬಿಟ್ಟು ನೋಡಿದರೂ ಚಂದ್ರ ಅಲ್ಲೇ. ಉತ್ತರದಲ್ಲಿ ಅಷ್ಟು ಮೇಲೆ ಹೋದಾಗ ಚಳಿಗಾಲದಲ್ಲಿ ಹುಣ್ಣಿಮೆಯ ಆಸುಪಾಸಿನ ಚಂದ್ರ ಮುಳುಗದೆ ಸುಮ್ಮನೆ ಸುತ್ತುತ್ತಾ ಇರುತ್ತಾನೆ. ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಚಂದ್ರೋದಯ ಅನ್ನುವುದೇ ಇಲ್ಲದ ಜಾಗದಲ್ಲಿ ಸಂಕಷ್ಟಿ ಮುರಿಯುವುದು ಯಾವಾಗ? ಈ ಕೆಳಗೆ ಯಾವ ಊರು, ಅಲ್ಲಿ ಎಷ್ಟು ಹೊತ್ತು, ಯಾವ ವಾರ ಅಂತ ನಾನು ಮುಂದಿನ ಸೀಟಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ವಿವರಿಸಲು ಶುರು ಮಾಡಿದೆ. ಅಕ್ಷಾಂಶ, ರೇಖಾಂಶ, ದಿನಾಂಕ ರೇಖೆ, ಎಲ್ಲ.

ಅವಳು ಕೇಳಿಸಿಕೊಳ್ಳಲಿಲ್ಲ. ಮಗಳ ಮನೆಯಲ್ಲಿ ಆರು ತಿಂಗಳು ಇದ್ದರೂ ಕೈಗಡಿಯಾರದ ಮುಳ್ಳು ತಿರುಗಿಸಿರಲಿಲ್ಲ ಅವಳು, ಬೆಂಗಳೂರಿನ ಟೈಮೇ ಇತ್ತು. ಹೊರಡುವ ಮುಂಚೆ ತಂಗಿಗೆ ಫೋನ್ ಮಾಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದ ಚಂದ್ರೋದಯದ ಹೊತ್ತು ಕೇಳಿಟ್ಟುಕೊಂಡಿದ್ದಳಂತೆ. ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಪರದೆ ಅರ್ಧ ಏರಿಸಿ, ಚಂದ್ರನಿಗೆ ಕೈ ಮುಗಿದು, ಬ್ಯಾಗಿನಿಂದ ಡಬ್ಬಿ ತೆಗೆದು ಎರಡು ರವೆ ಉಂಡೆ ನನ್ನ ಕೈಗಿಟ್ಟಳು.